ಇಂಗ್ಲಿಷ್ ಬಳಕೆಯ ದೇಶಗಳಲ್ಲಿ ಯಾವುದಕ್ಕೆ ವಲಸೆ ಹೋಗುವುದು? ಯಾವ ಆಧಾರದ ಮೇಲೆ ಆರಿಸುವುದು?

ಹೊಸದಾರಿ (ಪ್ರಶ್ನೆ ಕೇಳಿದವರು)

ಇಂಗ್ಲಿಷ್ ಬಳಕೆಯಲ್ಲಿರುವ ಯಾವುದಾದರೊಂದು ದೇಶಕ್ಕೆ ಹೋಗಿ ಅಲ್ಲಿಯೇ ನೆಲೆಸಬೇಕೆಂದು ನಾನೂ ನನ್ನ ಪತ್ನಿಯೂ ತೀರ್ಮಾನಿಸಿದ್ದೇವೆ. ಯಾವ ದೇಶವೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನನಗೆ 34 ವರ್ಷ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಪತ್ನಿಗೆ 32 ವರ್ಷ, ನರ್ಸಿಂಗ್ ಪದವೀಧರೆ, ತೀವ್ರ ನಿಗಾ ಘಟಕದಲ್ಲಿ ಹಲವು ವರ್ಷಗಳ ಅನುಭವವಿದೆ. ನಾಲ್ಕು ವರ್ಷದ ಮಗಳಿದ್ದಾಳೆ.

ಸಂಬಳದ ದೃಷ್ಟಿಯಿಂದ ಅಮೆರಿಕ, ಸುಲಭವೆಂಬ ಮಾತಿನಿಂದ ಕೆನಡಾ, ಹವೆ ಚೆನ್ನಾಗಿದೆಯೆಂದು ಆಸ್ಟ್ರೇಲಿಯಾ, ಹೀಗೆ ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಾರೆ. ಮೊದಲು ನನಗೆ ಅಲ್ಲಿ ಕೆಲಸ ಸಿಗಲಿ, ಪತ್ನಿ ಆಮೇಲೆ ತನ್ನ ಕ್ಷೇತ್ರದಲ್ಲಿ ಪ್ರಯತ್ನಿಸಲಿ ಎಂಬುದು ಇದುವರೆಗಿನ ನಮ್ಮ ಯೋಜನೆ. ನಾಲ್ಕೈದು ವರ್ಷ ದುಡಿದು ಹಿಂದಿರುಗುವ ಉದ್ದೇಶ ನಮಗಿಲ್ಲ. ಮುಂದೊಂದು ದಿನ ತಂದೆತಾಯಿ ನಮ್ಮೊಡನೆ ಬಂದಿರಬೇಕಾಗಬಹುದು. ಯಾವ ದೇಶ ದೊಡ್ಡದು, ಯಾವುದು ಚಿಕ್ಕದು ಎಂಬ ಚರ್ಚೆಗಿಂತ, ನಮ್ಮಂಥವರು ಯಾವ ಆಧಾರದ ಮೇಲೆ ಆರಿಸಬೇಕೆಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಿಮಗಿರಿ

ಹೊಸದಾರಿ ಅವರೇ, ಸಂಬಳ, ಹವೆ, ಶಾಲೆ ಇವನ್ನೆಲ್ಲ ತೂಗುವ ಮೊದಲು ಪ್ರತಿಯೊಂದು ದೇಶದ ವಿಷಯದಲ್ಲಿಯೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಕೆಲಸ ಹೋದ ಮರುದಿನ ಆ ದೇಶದಲ್ಲಿ ನಮ್ಮ ಸ್ಥಾನವೇನು? ಅಲ್ಲಿರುವ ಹಕ್ಕು ನಿಮ್ಮದೇ ಆಗಿದ್ದರೆ ಕೆಲಸ ಕಳೆದುಕೊಂಡಾಗ ಇನ್ನೊಂದು ಕೆಲಸ ಹುಡುಕುತ್ತೀರಿ, ಕಷ್ಟವಾದರೂ ಮನೆ ಮನೆಯಾಗಿಯೇ ಉಳಿಯುತ್ತದೆ. ಆ ಹಕ್ಕು ಕೆಲಸ ಕೊಟ್ಟ ಸಂಸ್ಥೆಯನ್ನು ಅವಲಂಬಿಸಿದ್ದರೆ ಬಾಡಿಗೆ ಕರಾರು, ಮಗುವಿನ ಶಾಲೆ, ಸಂಗಾತಿಯ ಉದ್ಯೋಗ ಎಲ್ಲವೂ ಒಂದೇ ಗಡುವಿಗೆ ಸಿಕ್ಕಿಕೊಳ್ಳುತ್ತವೆ. ಅಮೆರಿಕದ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿಯೂ ಪ್ರಾಯೋಜಕತ್ವ ನಿಂತರೆ ಸಾಮಾನ್ಯವಾಗಿ ಅಷ್ಟೇ ಸಮಯ ಸಿಗುತ್ತದೆ.

ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಮೂರರಲ್ಲಿ ಕಾಲಿಡುವಾಗಲೇ ಪಿ.ಆರ್. (ಕಾಯಂ ವಾಸದ ಹಕ್ಕು) ಪಡೆದಿರುವ ಮಾರ್ಗಗಳಿವೆ. ಈ ವ್ಯತ್ಯಾಸವನ್ನು ಅರಿಯದೆ ಸಂಬಳದ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಪ್ರಯೋಜನವಿಲ್ಲ.

ನಾನಿರುವುದು ಕೆನಡಾದಲ್ಲಿ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ, ಕಾಯಂ ವಾಸಕ್ಕೆ ಅರ್ಜಿದಾರರನ್ನು ಆರಿಸುವ ವ್ಯವಸ್ಥೆ 2015ರ ಜನವರಿಯಲ್ಲಿ ಆರಂಭವಾಯಿತು. ವಯಸ್ಸು, ಓದು, ಭಾಷೆ, ಅನುಭವ ಇವುಗಳಿಗೆ ಒಟ್ಟು 1,200ರವರೆಗೆ ಅಂಕ ಕೊಟ್ಟು, ಹೆಚ್ಚು ಅಂಕದವರನ್ನು ಕಾಲಕಾಲಕ್ಕೆ ಆಹ್ವಾನಿಸುತ್ತಾರೆ. ಸಂಗಾತಿಯೊಡನೆ ಅರ್ಜಿ ಹಾಕುವವರಿಗೆ 20ರಿಂದ 29ರವರೆಗೆ ವಯಸ್ಸಿಗಾಗಿ 100 ಅಂಕ, ನಂತರ ಮೂವತ್ತರ ದಶಕದುದ್ದಕ್ಕೂ ವರ್ಷಕ್ಕೆ ಐದರಂತೆ ಇಳಿಕೆ, 45ಕ್ಕೆ ಸೊನ್ನೆ. 32ರಲ್ಲಿ 85, 34ರಲ್ಲಿ 75. ಇನ್ನೂ ಯೋಚಿಸೋಣ ಎಂದು ಕಳೆಯುವ ಪ್ರತಿ ವರ್ಷಕ್ಕೂ ಬೆಲೆಯಿದೆ ಎಂಬುದನ್ನು ತೋರಿಸಲು ಈ ಲೆಕ್ಕ ಹೇಳಿದೆ.

ಕೆನಡಾ ಸುಲಭ ಎಂಬ ಮಾತು ಈಗ ಹಳೆಯದಾಯಿತು. ವರ್ಷಕ್ಕೆ 5,00,000 ಹೊಸ ಕಾಯಂ ನಿವಾಸಿಗಳು ಎಂದು ಹಾಕಿಕೊಂಡಿದ್ದ ಗುರಿಯನ್ನು ಕೈಬಿಟ್ಟು, ಅಲ್ಲಿನ ಸರ್ಕಾರ 2025ಕ್ಕೆ 3,95,000, 2026ಕ್ಕೆ 3,80,000 ಎಂದು ಇಳಿಸಿತು. ಉದ್ಯೋಗ ಪತ್ರವಿದ್ದರೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದರು. ಹಣಕ್ಕೆ ಉದ್ಯೋಗ ಪತ್ರ ಮಾರುವ ದಂಧೆ ಬೆಳೆದದ್ದೇ ಅದಕ್ಕೆ ಕಾರಣ. ಈಗಲೂ ಯಾರಾದರೂ ಅಂಕಕ್ಕಾಗಿ ಕೆಲಸದ ಪತ್ರ ಕೊಡಿಸುತ್ತೇವೆಂದು ಹಣ ಕೇಳಿದರೆ ಅಲ್ಲಿಂದಲೇ ಹಿಂದಿರುಗಿ. ಮತ್ತೊಂದೆಡೆ, 2023ರಿಂದ ಕ್ಷೇತ್ರವಾರು ಆಯ್ಕೆ ನಡೆಯುತ್ತಿದೆ. ಆರೋಗ್ಯ ಸೇವೆಯವರಿಗೂ ಫ್ರೆಂಚ್ ಬಲ್ಲವರಿಗೂ ಪ್ರತ್ಯೇಕ ಸುತ್ತುಗಳಿರುವುದರಿಂದ ಸಾಮಾನ್ಯ ಸ್ಪರ್ಧೆಗಿಂತ ಕಡಿಮೆ ಅಂಕದವರೂ ಆಯ್ಕೆಯಾಗುತ್ತಿದ್ದಾರೆ.

ದಕ್ಷಿಣಗಾಳಿ

ಹಿಮಗಿರಿ ಅವರ ಕೊನೆಯ ವಾಕ್ಯವನ್ನು ಹೊಸದಾರಿ ಅವರು ಮತ್ತೊಮ್ಮೆ ಓದಬೇಕೆಂದು ವಿನಂತಿಸುತ್ತೇನೆ. ನಿಮ್ಮ ಯೋಜನೆಯಲ್ಲಿ ಮುಖ್ಯ ಅರ್ಜಿದಾರರು ನೀವು, ಪತ್ನಿ ಅವಲಂಬಿತರು. ನನ್ನ ಅಭಿಪ್ರಾಯದಲ್ಲಿ ಇದನ್ನು ತಿರುಗಿಸಬೇಕು. ನಿಮ್ಮ ಮನೆಯಲ್ಲಿ ಹಲವು ದೇಶಗಳು ಕೊರತೆಯೆಂದು ಘೋಷಿಸಿರುವ ವೃತ್ತಿ ನಿಮ್ಮ ಪತ್ನಿಯದು. ಅವರು ವಯಸ್ಸಿನಲ್ಲಿಯೂ ಚಿಕ್ಕವರು.

ನಾನು ಆಸ್ಟ್ರೇಲಿಯಾದಲ್ಲಿದ್ದೇನೆ. ಇಲ್ಲಿನ 189, 190, 491 ಎಂಬ ಕೌಶಲ ವೀಸಾಗಳಿಗೆ ಕನಿಷ್ಠ 65 ಅಂಕ ಬೇಕು, ಆಹ್ವಾನದ ಸಮಯಕ್ಕೆ 45 ತುಂಬಿರಬಾರದು. 25ರಿಂದ 32ರವರೆಗಿನ ವಯಸ್ಸಿಗೆ 30 ಅಂಕ, 33ರಿಂದ 39ರವರೆಗೆ 25, 40ರಿಂದ 44ರವರೆಗೆ 15. ನಿಮ್ಮ ಪತ್ನಿ ಈಗ ಗರಿಷ್ಠ ಅಂಕದ ಕೊನೆಯ ವರ್ಷದಲ್ಲಿದ್ದಾರೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ 7 ಬಂದರೆ 10 ಅಂಕ, ನಾಲ್ಕರಲ್ಲೂ 8 ಬಂದರೆ 20. ಅಂದರೆ ವಯಸ್ಸು ಕಿತ್ತುಕೊಳ್ಳುವ ಐದು ಅಂಕವನ್ನು ಭಾಷಾ ಪರೀಕ್ಷೆಯ ತಯಾರಿಯಿಂದ ಎರಡರಷ್ಟಾಗಿ ಹಿಂದಕ್ಕೆ ಪಡೆಯಲು ಸಾಧ್ಯ. ಸಾಫ್ಟ್‌ವೇರ್ ವೃತ್ತಿಯವರಿಗೆ 65 ಎಂಬುದು ಕಾಗದದ ಮೇಲಿನ ಅಂಕ ಮಾತ್ರ, ಆಹ್ವಾನ ಬರುವುದು ಅದಕ್ಕಿಂತ ಬಹಳ ಮೇಲೆ. ನರ್ಸ್‌ಗಳ ವಿಷಯದಲ್ಲಿ ಆ ಅಂತರ ತೀರ ಕಡಿಮೆ.

ಇನ್ನೊಂದು ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಇದು ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. 491 ವೀಸಾ ‘ಪ್ರಾದೇಶಿಕ’ ಪ್ರದೇಶಗಳಿಗೆ ಸೀಮಿತ ಎಂದು ಓದಿದವರು ಮರುಭೂಮಿಯ ಅಂಚಿನ ಊರನ್ನು ಕಲ್ಪಿಸಿಕೊಂಡು ಅದನ್ನು ಬದಿಗಿಡುತ್ತಾರೆ. 2019ರ ನವೆಂಬರ್‌ನಿಂದ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರು ಮಹಾನಗರಗಳನ್ನು ಬಿಟ್ಟು ಉಳಿದ ದೇಶವೆಲ್ಲವೂ ಈ ಲೆಕ್ಕದಲ್ಲಿ ಪ್ರಾದೇಶಿಕವೇ. ಪರ್ತ್, ಅಡಿಲೇಡ್, ಹೋಬಾರ್ಟ್, ಕ್ಯಾನ್‌ಬೆರಾ ಎಲ್ಲವೂ ಅದರಲ್ಲಿ ಸೇರುತ್ತವೆ. ಈ ವೀಸಾಕ್ಕೆ 15 ಅಂಕ ಹೆಚ್ಚುವರಿಯಾಗಿ ಸಿಗುತ್ತದೆ. ಐದು ವರ್ಷದ ತಾತ್ಕಾಲಿಕ ವೀಸಾ ಇದು. ಮೂರು ವರ್ಷ ಷರತ್ತು ಪಾಲಿಸಿ ಇದ್ದ ಮೇಲೆ ಪಿ.ಆರ್.ಗೆ ಅರ್ಜಿ ಹಾಕಬಹುದು. ಬಾಡಿಗೆಯ ಹೊರೆಯನ್ನು ನೋಡಿದರೆ ಸಿಡ್ನಿಯ ಹಟ ಹಿಡಿಯಬೇಕಾದ ಕಾರಣವೇ ನನಗೆ ಕಾಣುವುದಿಲ್ಲ.

ಶಾಂತಸಾಗರ

ನಾನು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದೇನೆ. ಈ ಚರ್ಚೆಯಲ್ಲಿ ಅಮೆರಿಕವನ್ನು ಬೇಗನೆ ಬದಿಗಿಡುತ್ತಿದ್ದೀರೆಂದು ಅನ್ನಿಸಿತು. ತಂತ್ರಜ್ಞಾನ, ವೈದ್ಯಕೀಯ ಸಂಶೋಧನೆ, ಹೊಸ ಉದ್ಯಮ ಇವುಗಳಲ್ಲಿ ಇಲ್ಲಿ ಸಿಗುವ ಕೆಲಸದ ಆಳವೂ ಸಂಬಳವೂ ಇಂಗ್ಲಿಷ್ ಬಳಕೆಯ ಉಳಿದ ದೇಶಗಳಲ್ಲಿ ಸಿಗುವುದು ಕಷ್ಟ. ತನ್ನ ಕ್ಷೇತ್ರದ ತುದಿಯಲ್ಲಿ ಕೆಲಸ ಮಾಡಬೇಕೆಂಬ ಹಂಬಲವಿರುವ ಇಪ್ಪತ್ತೈದರ ಒಬ್ಬಂಟಿಗೆ ನಾನು ಇಂದಿಗೂ ಅಮೆರಿಕವನ್ನೇ ಹೇಳುತ್ತೇನೆ.

ಆದರೆ ನೆಲೆಸುವುದೇ ಉದ್ದೇಶವೆಂದು ನೀವು ಬರೆದಿರುವುದರಿಂದ ಸರದಿಯ ವಿಷಯವನ್ನು ಬಿಚ್ಚಿ ಹೇಳಬೇಕು. ಕಾಯಂ ವಾಸಕ್ಕೆ ಅನುಮತಿ ಕೊಡುವ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳ ಮಿತಿ ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಕುಟುಂಬದವರೂ ಸೇರಿರುತ್ತಾರೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಪಾಲು ಸಿಗದು. ಪೌರತ್ವವನ್ನಲ್ಲ, ಹುಟ್ಟಿದ ದೇಶವನ್ನು ನೋಡುತ್ತಾರೆ. ಕೆಲವೇ ಲಕ್ಷ ಜನರಿರುವ ದೇಶಕ್ಕೂ ಭಾರತಕ್ಕೂ ಒಂದೇ ಮಿತಿ ಅನ್ವಯಿಸುವುದರಿಂದ, ಭಾರತದಲ್ಲಿ ಹುಟ್ಟಿ ಇಬಿ-2 (ಉನ್ನತ ಪದವಿಯವರು), ಇಬಿ-3 (ಪದವೀಧರರು, ನುರಿತ ಕೆಲಸಗಾರರು) ವರ್ಗಗಳಲ್ಲಿ ಇಂದು ಸಾಲಿಗೆ ಸೇರುವವರ ನಿರೀಕ್ಷೆ ದಶಕಗಳ ಲೆಕ್ಕದ್ದು. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅವರು ತಂದೆತಾಯಿಯ ಅವಲಂಬಿತರಾಗಿ ಉಳಿಯುವಂತಿಲ್ಲ, ಓದಿ ಬೆಳೆದ ದೇಶದಲ್ಲಿಯೇ ಬೇರೆ ವೀಸಾ ಹುಡುಕಿಕೊಳ್ಳಬೇಕು. ನಾಲ್ಕು ವರ್ಷದ ಮಗಳಿರುವ ನಿಮಗೆ ಇದು ದೂರದ ಮಾತೆನಿಸಬಹುದು. ಸರದಿಯ ಉದ್ದವನ್ನು ನೋಡಿದರೆ ಅಷ್ಟು ದೂರದ್ದಲ್ಲ.

ಅದಕ್ಕೂ ಮೊದಲು ಎಚ್-1ಬಿ ಸಿಗಬೇಕು. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ 20,000, ಇಷ್ಟೇ ಮಿತಿ. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಕ್ಷೀಯ ಘೋಷಣೆಯು ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸಿತು. ಹೊರಗಿನಿಂದ ಟೆಸ್ಟರ್ ಒಬ್ಬರನ್ನು ಕರೆಸಿಕೊಳ್ಳಲು ಎಷ್ಟು ಸಂಸ್ಥೆಗಳು ಇಷ್ಟು ಹಣ ಕಟ್ಟುತ್ತವೆ ಎಂಬುದನ್ನು ನೀವೇ ಯೋಚಿಸಿ. ನರ್ಸ್‌ಗಳಿಗೆ ಎಚ್-1ಬಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರು ನೇರವಾಗಿ ಇಬಿ-3 ಗ್ರೀನ್ ಕಾರ್ಡ್‌ಗೆ ಹೋಗುತ್ತಾರೆ, ಕಾರ್ಮಿಕ ಇಲಾಖೆಯ ಒಂದು ಹಂತದಿಂದ ವಿನಾಯಿತಿಯೂ ಇದೆ, ಆದರೆ ಸರದಿಯಿಂದ ವಿನಾಯಿತಿಯಿಲ್ಲ.

ಕೆಲಸ ಹೋದ ಮರುದಿನದ ಪ್ರಶ್ನೆಗೆ ಇಲ್ಲಿ ಮತ್ತೊಂದು ಮುಖವಿದೆ. ಆರೋಗ್ಯ ವಿಮೆ ಬಹುಪಾಲು ಉದ್ಯೋಗದೊಡನೆ ಬರುವುದರಿಂದ ಕೆಲಸದ ಜೊತೆ ಅದೂ ಹೋಗುತ್ತದೆ. ಮುಂದುವರಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ, ಪೂರ್ತಿ ಕಂತನ್ನು ಮಾತ್ರ ಕೈಯಿಂದ ಕಟ್ಟಬೇಕು. ವೇತನಸಹಿತ ರಜೆಯನ್ನಾಗಲಿ ಹೆರಿಗೆ ರಜೆಯನ್ನಾಗಲಿ ಖಾಸಗಿ ಸಂಸ್ಥೆಗಳು ಕೊಡಲೇಬೇಕೆನ್ನುವ ಒಕ್ಕೂಟ ಮಟ್ಟದ ಕಾನೂನು ಅಮೆರಿಕದಲ್ಲಿಲ್ಲ. ಬ್ರಿಟನ್ನಿನಲ್ಲಿ ವರ್ಷಕ್ಕೆ 5.6 ವಾರ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್‌ಗಳಲ್ಲಿ ನಾಲ್ಕು ವಾರದ ವೇತನಸಹಿತ ರಜೆ ಕಾನೂನಿನ ಹಕ್ಕು. ಸಂಬಳವನ್ನು ಹೋಲಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಂಜುಹನಿ

ನಾನು ಬ್ರಿಟನ್ನಿನಲ್ಲಿ ನರ್ಸ್. ನೋಂದಣಿಗೆ ಇಲ್ಲಿ ಎರಡು ಹಂತ: ಕಂಪ್ಯೂಟರ್ ಮೂಲಕ ಬರೆಯುವ ಪರೀಕ್ಷೆ, ಆಮೇಲೆ ಒಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆ. ಕುಟುಂಬ ಸಮೇತ ಬರಲು ನರ್ಸ್‌ಗಳಿಗೆ ಅವಕಾಶವಿದೆ, ಸಂಗಾತಿ ಯಾವ ಕೆಲಸವನ್ನಾದರೂ ಮಾಡಬಹುದು. ಉಳಿದ ವೃತ್ತಿಯವರು ವಯಸ್ಕರ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಬೇಕು. ಆರೋಗ್ಯ ಸೇವೆಯ ವೀಸಾದವರಿಗೂ ಅವರ ಕುಟುಂಬಕ್ಕೂ ಅದರಿಂದ ವಿನಾಯಿತಿಯಿದೆ.

ಇಷ್ಟಾದರೂ ಈ ಹೊತ್ತಿನಲ್ಲಿ ಬ್ರಿಟನ್ನನ್ನು ಮೊದಲ ಆಯ್ಕೆಯಾಗಿ ಸೂಚಿಸಲು ನನಗೆ ಮನಸ್ಸು ಬರುವುದಿಲ್ಲ. ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸದ ಹಕ್ಕನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಉದ್ದೇಶವನ್ನು ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಪ್ರಕಟಿಸಿತು. ಅದೇ ಜುಲೈನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ವೇತನ ಮಿತಿ 38,700 ಪೌಂಡ್‌ನಿಂದ 41,700ಕ್ಕೆ ಏರಿತು, ಹೊರದೇಶಗಳಿಂದ ಆರೈಕೆ ಕೆಲಸಗಾರರ ನೇಮಕ ನಿಂತಿತು. ಬದುಕಿನ ಇಷ್ಟು ದೊಡ್ಡ ಹೆಜ್ಜೆಯನ್ನು ಇಡುವವರು, ನಡುವೆ ನಿಯಮ ಬದಲಾದರೆ ತಮಗೆ ಯಾವ ರಕ್ಷಣೆಯಿದೆ ಎಂದು ಕೇಳಬೇಕು. ಪಿ.ಆರ್. ಪಡೆದು ಇಳಿದವರಿಗೆ ಈ ಆತಂಕ ಬಹುಮಟ್ಟಿಗೆ ಇರುವುದಿಲ್ಲ.

ತಂಗಾಳಿ

ಐರ್ಲೆಂಡನ್ನು ಯಾರೂ ವಿವರಿಸಿಲ್ಲವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಕ್ರಿಟಿಕಲ್ ಸ್ಕಿಲ್ಸ್ ಎಂಬ ಉದ್ಯೋಗ ಪರವಾನಗಿಯ ಪಟ್ಟಿಯಲ್ಲಿ ಸಾಫ್ಟ್‌ವೇರ್ ವೃತ್ತಿಗಳೂ ನರ್ಸಿಂಗ್ ಕೂಡ ಇವೆ. ಎರಡು ವರ್ಷದ ಸುಮಾರಿಗೆ ಸ್ಟ್ಯಾಂಪ್ 4 ಎಂಬ ವಾಸದ ಅನುಮತಿ ಸಿಗುತ್ತದೆ, ಆಮೇಲೆ ಒಂದೇ ಸಂಸ್ಥೆಗೆ ಅಂಟಿಕೊಳ್ಳಬೇಕಾಗಿಲ್ಲ. ಐದು ವರ್ಷದ ವಾಸದ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು. ಐರಿಶ್ ಪೌರರು ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ, ಹಳೆಯ ಒಪ್ಪಂದದ ಕಾರಣ ಬ್ರಿಟನ್ನಿನಲ್ಲಿಯೂ ನೆಲೆಸಿ ದುಡಿಯಬಹುದು. ಇಷ್ಟು ವಿಶಾಲವಾದ ಹಕ್ಕನ್ನು ನಮ್ಮ ಪಟ್ಟಿಯ ಬೇರೆ ಯಾವ ದೇಶದ ಪೌರತ್ವವೂ ಕೊಡುವುದಿಲ್ಲ. ಕಷ್ಟವಿರುವುದು ಮನೆಯಲ್ಲಿ. ಡಬ್ಲಿನ್‌ನಲ್ಲಿ ಕೆಲಸ ಸಿಕ್ಕವರೂ ಬಾಡಿಗೆ ಮನೆ ಸಿಗದೆ ಪರದಾಡುತ್ತಾರೆ, ಮಗುವಿರುವ ಕುಟುಂಬಕ್ಕೆ ಅದು ಇನ್ನೂ ಕಷ್ಟ. ಕಾರ್ಕ್, ಲಿಮರಿಕ್, ಗಾಲ್ವೇ ಕಡೆಯ ಆಸ್ಪತ್ರೆಗಳನ್ನೂ ನೋಡಿ.

ಹೊಸದಾರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಾವಿಬ್ಬರೂ ಒಟ್ಟಿಗೆ ಕುಳಿತು ಓದಿದೆವು. ಪತ್ನಿಯನ್ನು ಮುಖ್ಯ ಅರ್ಜಿದಾರರನ್ನಾಗಿ ಮಾಡುವ ಸಲಹೆ ನಮ್ಮ ಇಡೀ ಲೆಕ್ಕಾಚಾರವನ್ನೇ ಬದಲಿಸಿದೆ. ಎರಡು ಸಂದೇಹಗಳು ಉಳಿದಿವೆ. ನಾನು ಮೊದಲು ವಿದ್ಯಾರ್ಥಿಯಾಗಿ ಹೋಗಿ ಅಲ್ಲಿನ ಪದವಿ ಪಡೆದರೆ ದಾರಿ ಸುಲಭವಾಗುತ್ತದೆಯೇ? ತಂದೆತಾಯಿಯನ್ನು ಕರೆಸಿಕೊಳ್ಳುವ ವಿಷಯದಲ್ಲಿ ಈ ದೇಶಗಳ ನಡುವೆ ಎಷ್ಟು ವ್ಯತ್ಯಾಸವಿದೆ?

ದಕ್ಷಿಣಗಾಳಿ

ಮೊದಲ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದೇ. ಆಸ್ಟ್ರೇಲಿಯಾದಲ್ಲಿ ಓದು ಮುಗಿಸಿದವರಿಗೆ ಕೊಡುವ ತಾತ್ಕಾಲಿಕ ಪದವೀಧರ ವೀಸಾದ ವಯೋಮಿತಿಯನ್ನು 2024ರ ಜುಲೈನಲ್ಲಿ 50ರಿಂದ 35ಕ್ಕೆ ಇಳಿಸಲಾಯಿತು; ಸಂಶೋಧನಾ ಪದವಿಯವರಿಗೆ ಮಾತ್ರ ಮುಖ್ಯ ವಿನಾಯಿತಿ. ಈಗ 34ರಲ್ಲಿರುವ ನೀವು ಎರಡು ವರ್ಷದ ಪದವಿ ಮುಗಿಸುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ. ಬ್ರಿಟನ್ 2024ರ ಜನವರಿಯಿಂದ, ಸಂಶೋಧನೆಯಂಥ ಕೆಲವು ವ್ಯಾಸಂಗಗಳನ್ನು ಬಿಟ್ಟರೆ, ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವುದನ್ನೇ ನಿಲ್ಲಿಸಿದೆ. ಕೆನಡಾ ಅದೇ ವರ್ಷದಿಂದ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿದೆ. ಕೈಯಲ್ಲಿ ವೃತ್ತಿಯೂ ಅನುಭವವೂ ಇರುವ ನಿಮ್ಮಂಥ ದಂಪತಿ, ಉಳಿತಾಯವನ್ನೆಲ್ಲ ಶುಲ್ಕಕ್ಕೆ ಸುರಿದು ಸಾಲಿನ ಹಿಂದಕ್ಕೆ ಹೋಗಿ ನಿಲ್ಲುವುದನ್ನು ನೋಡಲು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಿಮಗಿರಿ

ತಂದೆತಾಯಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ಹೋದ ಮೇಲೆ ಯೋಚಿಸುತ್ತಾರೆ, ಅಷ್ಟರಲ್ಲಿ ದೇಶದ ಆಯ್ಕೆ ಮುಗಿದಿರುತ್ತದೆ.

ಕೆನಡಾದಲ್ಲಿ ತಂದೆತಾಯಿಗೆ ಪಿ.ಆರ್. ಕೊಡಿಸುವ ಯೋಜನೆಯಿದೆ, ಆದರೆ 2020ರ ನಂತರ ಹೊಸ ಹೆಸರುಗಳನ್ನು ತೆಗೆದುಕೊಳ್ಳದೆ ಆಗ ಹೆಸರು ಕೊಟ್ಟವರನ್ನೇ ಕರೆಯುತ್ತ ಬಂದರು. ಹಾಗಾಗಿ ಭರವಸೆಯಿಡಬಹುದಾದದ್ದು ಸೂಪರ್ ವೀಸಾ: ಒಮ್ಮೆ ಬಂದರೆ ಐದು ವರ್ಷದವರೆಗೆ ಉಳಿಯಬಹುದು, ಮಕ್ಕಳಿಗೆ ನಿಗದಿತ ಆದಾಯವಿರಬೇಕು, ಖಾಸಗಿ ಆರೋಗ್ಯ ವಿಮೆ ಕೊಳ್ಳಲೇಬೇಕು. ವಯಸ್ಸಾದವರಿಗೆ ಆ ವಿಮೆಯ ಕಂತು ಹಗುರವಲ್ಲ. ನ್ಯೂಜಿಲೆಂಡ್ ಕೂಡ 2025ರ ಸೆಪ್ಟೆಂಬರ್‌ನಲ್ಲಿ ಪೇರೆಂಟ್ ಬೂಸ್ಟ್ ಎಂಬ ಐದು ವರ್ಷದ ವೀಸಾವನ್ನು ಆರಂಭಿಸಿದೆ.

ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಕನಿಷ್ಠ ಅರ್ಧದಷ್ಟು ಮಕ್ಕಳು ಅಲ್ಲಿಯೇ ನೆಲೆಸಿರಬೇಕೆಂಬ ಪರೀಕ್ಷೆಯಿದೆ. ಕಡಿಮೆ ಶುಲ್ಕದ ಪೋಷಕ ವೀಸಾದ ಸರದಿಯನ್ನು ಸರ್ಕಾರವೇ ದಶಕಗಳಲ್ಲಿ ಹೇಳುತ್ತದೆ. ಹೆಚ್ಚು ಹಣ ಕಟ್ಟುವ ವರ್ಗಕ್ಕೆ ಒಬ್ಬೊಬ್ಬರಿಗೂ 40,000 ಆಸ್ಟ್ರೇಲಿಯನ್ ಡಾಲರ್‌ಗಿಂತ ಮೇಲೆ ಬೀಳುತ್ತದೆ, ಅದಕ್ಕೂ ಸಾಲಿದೆ. ಬ್ರಿಟನ್ನಿನಲ್ಲಿ ತಂದೆತಾಯಿಗೆ ದಿನನಿತ್ಯದ ಆರೈಕೆ ಅನಿವಾರ್ಯ, ಅದು ಅವರಿರುವ ದೇಶದಲ್ಲಿ ಸಿಗುವುದಿಲ್ಲ ಎಂದು ಸಾಬೀತುಪಡಿಸಬೇಕು. ಅಂಥ ವೀಸಾ ಸಿಕ್ಕವರು ಬಹಳ ಅಪರೂಪ. ಅಮೆರಿಕ ಇಲ್ಲಿ ಎಲ್ಲರಿಗಿಂತ ಉದಾರ: 21 ವರ್ಷ ತುಂಬಿದ ಪೌರರು ತಂದೆತಾಯಿಗೆ ಯಾವ ವಾರ್ಷಿಕ ಮಿತಿಯೂ ಇಲ್ಲದೆ ಗ್ರೀನ್ ಕಾರ್ಡ್ ಕೊಡಿಸಬಹುದು. ಆದರೆ ಶಾಂತಸಾಗರ ಅವರು ವಿವರಿಸಿದ ಸರದಿಯನ್ನು ದಾಟಿ ಪೌರರಾಗುವ ಹೊತ್ತಿಗೆ ತಂದೆತಾಯಿಯ ವಯಸ್ಸೆಷ್ಟಾಗಿರುತ್ತದೆ ಎಂಬುದೇ ದುಃಖದ ಮಾತು.

ಪೌರತ್ವದ ಬಗ್ಗೆಯೂ ಒಂದು ಮಾತು. ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಹಲವರು ಪಿ.ಆರ್.ನಲ್ಲಿಯೇ ಉಳಿಯಲು ಬಯಸುತ್ತಾರೆ. ಹಾಗಿದ್ದರೆ ಅದನ್ನು ಉಳಿಸಿಕೊಳ್ಳುವ ಷರತ್ತನ್ನು ನೋಡಿ. ಕೆನಡಾದಲ್ಲಿ ಪ್ರತಿ ಐದು ವರ್ಷಗಳಲ್ಲಿ 730 ದಿನ ಅಲ್ಲಿರಬೇಕು. ಆಸ್ಟ್ರೇಲಿಯಾದ ಪಿ.ಆರ್.ನಲ್ಲಿ ಹೊರಗೆ ಹೋಗಿ ಮರಳುವ ಅನುಕೂಲ ಮೊದಲ ಐದು ವರ್ಷಕ್ಕೆ ಮಾತ್ರ, ಆಮೇಲೆ ಬೇರೆ ವೀಸಾ ಮಾಡಿಸಬೇಕು. ನ್ಯೂಜಿಲೆಂಡ್‌ನಲ್ಲಿ ರೆಸಿಡೆಂಟ್ ವೀಸಾದ ಎರಡು ವರ್ಷದ ನಂತರ ಸಿಗುವ ಪರ್ಮನೆಂಟ್ ರೆಸಿಡೆಂಟ್ ವೀಸಾಕ್ಕೆ ಗಡುವೇ ಇಲ್ಲ.

ಮಂಜುಹನಿ

ನ್ಯೂಜಿಲೆಂಡ್ ಹೆಸರು ಬಂದದ್ದರಿಂದ ನೆನಪಿಸುತ್ತೇನೆ: ಅಲ್ಲಿನ ಗ್ರೀನ್ ಲಿಸ್ಟ್ ಎಂಬ, ಕೊರತೆಯಿರುವ ವೃತ್ತಿಗಳ ಪಟ್ಟಿಯಲ್ಲಿ ನೋಂದಾಯಿತ ನರ್ಸ್‌ಗಳು ನೇರವಾಗಿ ರೆಸಿಡೆಂಟ್ ವೀಸಾಕ್ಕೆ ಅರ್ಜಿ ಹಾಕಬಹುದಾದ ವರ್ಗದಲ್ಲಿದ್ದಾರೆ, ಮಾನ್ಯತೆಯಿರುವ ಉದ್ಯೋಗದಾತರಿಂದ ಕೆಲಸದ ಪತ್ರ ಬೇಕು. 55ರವರೆಗೂ ಅರ್ಜಿ ಹಾಕಬಹುದು. ಸುಮಾರು 50 ಲಕ್ಷ ಜನರ ಸಣ್ಣ ದೇಶವಾದ್ದರಿಂದ ನಿಮ್ಮ ವೃತ್ತಿಗೆ ಅವಕಾಶ ಕಡಿಮೆ. ನಿಮ್ಮ ಪತ್ನಿಗೆ ಕೆಲಸವಿದ್ದು ನೀವು ತಿಂಗಳುಗಟ್ಟಲೆ ಮನೆಯಲ್ಲಿರಬೇಕಾದ ಸ್ಥಿತಿಗೂ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಅದು ಸಣ್ಣ ವಿಷಯವಲ್ಲ. ದಂಪತಿಗಳ ನಡುವೆ ಈ ಮಾತು ಹೊರಡುವ ಮೊದಲೇ ಆಗಬೇಕು.

ಹೊಸದಾರಿ

ಆ ಮಾತನ್ನು ನಾವು ಈಗಾಗಲೇ ಆಡಿದ್ದೇವೆ, ಅದಕ್ಕೆ ನಾನು ಸಿದ್ಧನಿದ್ದೇನೆ. ಅಮೆರಿಕವನ್ನೂ ಬ್ರಿಟನ್ನನ್ನೂ ಪಟ್ಟಿಯಿಂದ ತೆಗೆದಿದ್ದೇವೆ. ಆಸ್ಟ್ರೇಲಿಯಾ ಮೊದಲು, ಕೆನಡಾ ಎರಡನೆಯದು, ಮುಖ್ಯ ಅರ್ಜಿದಾರರು ಪತ್ನಿ ಎಂದು ತೀರ್ಮಾನಿಸಿದ್ದೇವೆ. ಭಾಷಾ ಪರೀಕ್ಷೆ, ನರ್ಸಿಂಗ್ ಪರೀಕ್ಷೆ, ಪದವಿಯ ಮೌಲ್ಯಮಾಪನ ಇವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು?

ದಕ್ಷಿಣಗಾಳಿ

ಭಾಷಾ ಪರೀಕ್ಷೆಯಿಂದ ಆರಂಭಿಸಿ, ಅದರ ಫಲಿತಾಂಶವಿಲ್ಲದೆ ಬಹುತೇಕ ಯಾವ ಕಡತವೂ ಮುಂದೆ ಹೋಗುವುದಿಲ್ಲ. ಕೌಶಲ ವೀಸಾಗಳಿಗೆ ಆಸ್ಟ್ರೇಲಿಯಾ ಮೂರು ವರ್ಷ ಹಳೆಯ ಫಲಿತಾಂಶವನ್ನೂ ಒಪ್ಪುತ್ತದೆ, ಕೆನಡಾ ಎರಡು ವರ್ಷದ್ದನ್ನು ಮಾತ್ರ. ಕೆನಡಾದ ಗಡುವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದರ ಜೊತೆಯಲ್ಲಿಯೇ ಪತ್ನಿ ಓದಿದ ಕಾಲೇಜು, ರಾಜ್ಯದ ನರ್ಸಿಂಗ್ ಕೌನ್ಸಿಲ್, ದುಡಿದ ಆಸ್ಪತ್ರೆಗಳಿಂದ ಪ್ರಮಾಣಪತ್ರಗಳನ್ನು ಕೇಳಲು ಆರಂಭಿಸಿ. ಪರೀಕ್ಷೆಗಿಂತ ಹೆಚ್ಚು ಕಾಲ ಹಿಡಿಯುವುದು ಇವೇ. ವೀಸಾದ ಮೌಲ್ಯಮಾಪನ ಬೇರೆ, ವೃತ್ತಿಯ ನೋಂದಣಿ ಬೇರೆ. ಆಸ್ಟ್ರೇಲಿಯಾದಲ್ಲಿ ಮೊದಲನೆಯದನ್ನು ಎಎನ್‌ಎಂಎಸಿ, ಎರಡನೆಯದನ್ನು ನರ್ಸಿಂಗ್ ಮಂಡಳಿ ನೋಡಿಕೊಳ್ಳುತ್ತವೆ. ನರ್ಸಿಂಗ್ ಪರೀಕ್ಷೆಯಾಗಿ ಎನ್‌ಸಿಎಲ್‌ಇಎಕ್ಸ್ ಅನ್ನು ಆರಿಸಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೂರರಲ್ಲಿಯೂ ಬಳಕೆಯಲ್ಲಿರುವುದು ಅದೇ, ಆಸ್ಟ್ರೇಲಿಯಾದಲ್ಲಿ ಅದರ ಮೇಲೆ ಪ್ರಾಯೋಗಿಕ ಪರೀಕ್ಷೆಯೊಂದಿದೆ. ಹಾಗಾಗಿ ಮೊದಲ ಆಯ್ಕೆ ತಪ್ಪಿ ಎರಡನೆಯದಕ್ಕೆ ಹೊರಳಬೇಕಾದರೂ ಪರೀಕ್ಷೆಗಾಗಿ ಪತ್ನಿ ಓದಿದ್ದು ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಏಜೆಂಟರ ನೆರವು ಬೇಕೆನಿಸಿದರೆ, ಆಸ್ಟ್ರೇಲಿಯಾಕ್ಕೆ ಅಲ್ಲಿನ ವಲಸೆ ಏಜೆಂಟರ ನೋಂದಣಿ ಪ್ರಾಧಿಕಾರದ ಪಟ್ಟಿಯಲ್ಲಿಯೂ, ಕೆನಡಾಕ್ಕೆ ವಲಸೆ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿಯೂ ಅವರ ಹೆಸರಿದೆಯೇ ಎಂದು ಜಾಲತಾಣದಲ್ಲಿ ನೋಡಿಕೊಂಡ ಮೇಲೆಯೇ ಹಣ ಕೊಡಿ. ಪತ್ನಿಗೆ 33 ತುಂಬುವ ತಿಂಗಳು ಯಾವುದೆಂದು ಇಲ್ಲಿ ತಿಳಿಸಿದರೆ, ಅದಕ್ಕೆ ಮುಂಚೆ ಯಾವ ಹಂತದವರೆಗೆ ಮುಟ್ಟಬಹುದೆಂದು ಲೆಕ್ಕ ಹಾಕಿ ಹೇಳುತ್ತೇನೆ.